ಚಿಲಕ ಹಿಡಿದ ಕೈ

ಕೈಯಲ್ಲಿ ಚಹಾ ಇದ್ದರೆ ಕೆಳಗಿಟ್ಟು ಓದಿ... ನನ್ನದಂತೂ ಆರಿ ತಣ್ಣಗಾಯಿತು.

ಬೆಳಗಾವಿ ಕ್ಯಾಂಪಿನ ಫ್ಯಾಮಿಲಿ ಕ್ವಾರ್ಟರ್ಸ್‌ನಲ್ಲಿ ಕಸ್ತೂರಿ ಅಂತ ಒಬ್ಬಳು ಸೈನಿಕನ ಹೆಂಡತಿ. ಗಂಡ ಹವಾಲ್ದಾರ್ ಶಿವಪುತ್ರ ದೂರದ ಗಡಿಯಲ್ಲಿ. ಮನೆಯಲ್ಲಿ ಅವಳು ಮತ್ತು ಪುಟ್ಟ ಮಗಳು ಭೂಮಿಕಾ.

ಕಸ್ತೂರಿ ಒಂದು ಬ್ಲಾಗ್ ಬರೆಯುತ್ತಿದ್ದಳು. ಗಂಡನಿಲ್ಲದ ದೀಪಾವಳಿ, ಒಬ್ಬಳೇ ಗ್ಯಾಸ್ ಸಿಲಿಂಡರ್ ಬದಲಿಸಿದ್ದು, ಮಗಳು ಅಪ್ಪನ ಫೋಟೊಗೆ ಹಲ್ಲುಜ್ಜಿಸಲು ಹೋಗಿದ್ದು... ಎಲ್ಲ ಅದರಲ್ಲೇ.

ಪ್ರತಿ ಬರಹದ ಕೊನೆಗೂ ಒಂದೇ ಸಾಲು... "ಸೈನಿಕನ ಹೆಂಡತಿಗೆ ಭಯ ಗೊತ್ತಿಲ್ಲ."

ಓದಿದವರೆಲ್ಲ 'ಭಲೇ' ಅಂತ ಕಾಮೆಂಟ್ ಹಾಕುತ್ತಿದ್ದರು. ಹಾಕುವುದಕ್ಕೇನು ಬಿಡಿ, ಬೆರಳು ತಾನೇ ಓಡುವುದು... ಎದೆ ಹೊಡೆದುಕೊಳ್ಳುತ್ತಿದ್ದದ್ದು ಅವಳದ್ದು.

ಒಮ್ಮೆ ಶಿವಪುತ್ರನ ಫೋನ್ ನಿಂತುಹೋಯಿತು. ವಾರ ಕಳೆದರೂ ಸುದ್ದಿಯಿಲ್ಲ.

ಕಸ್ತೂರಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಟ್ಟೆ ಒಗೆದಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಬ್ಲಾಗಿನಲ್ಲಿ ಅದೇ ಸಾಲು ಬರೆದಳು...

ಈಗ ಆ ಕ್ವಾರ್ಟರ್ಸ್‌ನ ಒಂದು ರೂಢಿ ಹೇಳಲೇಬೇಕು. ಅಲ್ಲಿ ಕೆಟ್ಟ ಸುದ್ದಿ ಫೋನಿನಲ್ಲಿ ಬರುವುದಿಲ್ಲ. ಮಿಲಿಟರಿ ಜೀಪು ಬರುತ್ತದೆ... ಆಫೀಸರ ಹೆಂಡತಿ ಇಳಿದು ಬಂದು ಬಾಗಿಲು ತಟ್ಟುತ್ತಾರೆ.

ಅದಕ್ಕೇ ಅವರು ಬೇರೆ ಕೆಲಸಕ್ಕೆ ಬರುವುದಾದರೆ, ಮೊದಲು ಫೋನ್ ಮಾಡಿ "ಸುಮ್ನೆ ಬರ್ತಾ ಇದೀನಿ" ಅಂತ ಹೇಳಿಯೇ ಬರುತ್ತಾರೆ. ಹೇಳದೆ ಬಂದರು ಅಂದರೆ... ಅರ್ಥವಾಯಿತಲ್ಲ.

ಒಂದು ಮಧ್ಯಾಹ್ನ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಜೀಪಿನ ಸದ್ದು ಕೇಳಿತು. ಫೋನ್ ಬಂದಿರಲಿಲ್ಲ.

ಎದುರು ಮನೆಯ ಕಿಟಕಿ ಮುಚ್ಚಿಕೊಂಡಿತು. ಮೇಲಿನ ಮನೆಯ ಟಿವಿ ಬಂದ್ ಆಯಿತು. ಎಲ್ಲರೂ ದೇವರಲ್ಲಿ ಬೇಡಿದ್ದು ಒಂದೇ... ನಮ್ಮ ಬಾಗಿಲಿಗೆ ಬಾರದಿರಲಿ.

ಹೆಜ್ಜೆ ಸದ್ದು ಮೆಟ್ಟಿಲು ಹತ್ತಿತು... ಹತ್ತಿರ ಬಂತು... ಅವಳ ಬಾಗಿಲ ಮುಂದೆಯೇ ನಿಂತಿತು.

ಟಕ್... ಟಕ್...

ಕಸ್ತೂರಿ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಚಿಲಕ ಬಿಗಿಯಾಗಿ ಹಿಡಿದಳು... ತೆಗೆಯಲು ಅಲ್ಲ, ಯಾರೂ ತೆಗೆಯದಂತೆ. ಬಾಗಿಲು ತೆಗೆಯುವವರೆಗೆ ತನ್ನ ಗಂಡ ಬದುಕಿರುತ್ತಾನೆ ಅನ್ನಿಸಿತು ಅವಳಿಗೆ.

"ಮಮ್ಮಿ, ಬಾಗಲಾ ಯಾಕ ತಗೀವಲ್ಲಿ?" ಮಗಳು ಸೆರಗು ಜಗ್ಗಿದಳು.

"ಕಸ್ತೂರಿ ಅವರೇ, ನಾನು ಮೇಜರ್ ಸಾಹೇಬರ ಮನೆಯವಳು..." ಹೊರಗಿನಿಂದ ದನಿ ಬಂತು. ಶಿವಪುತ್ರನ ತುಕಡಿಗೆ ಆ ಮೇಜರೇ ಹಿರಿಯರು, ಅವರೂ ಅದೇ ಗಡಿಯಲ್ಲಿದ್ದರು.

"ಹೋಗ್ರಿ ಮೇಡಂ... ನಿಮ್ಮ ಕಾಲಿಗೆ ಬೀಳ್ತೇನಿ. ನನಗ ಏನೂ ಹೇಳಬ್ಯಾಡ್ರಿ." ಕಸ್ತೂರಿ ಬಾಗಿಲಿಗೆ ಹಣೆಯಿಟ್ಟು ಬಿಕ್ಕಿದಳು.

ಹೊರಗಿನವರು ಬಾಗಿಲಿಗೆ ಇನ್ನೂ ಹತ್ತಿರ ಬಂದರು...

"ಅಯ್ಯೋ, ನಾನು ಸುದ್ದಿ ತಂದಿಲ್ಲ ಕಣ್ರೀ. ನನಗೂ ಫೋನ್ ಬಂದಿಲ್ಲ. ಮನೇಲಿ ಒಬ್ಬಳೇ ಕೂರೋಕಾಗ್ಲಿಲ್ಲ. ನಿಮ್ಮ ಬ್ಲಾಗ್ ಓದ್ತೀನಿ... ಭಯಾನೇ ಆಗಲ್ಲ ಅಂತ ಬರೀತೀರಲ್ಲ, ಅದು ಹೇಗೆ ಅಂತ ಕೇಳೋಕೆ ಬಂದೆ."

ಮದುವೆಯಾಗಿ ಮೈಸೂರಿನಿಂದ ಹೊಸದಾಗಿ ಬಂದಿದ್ದವರು. ಫೋನ್ ಮಾಡಿ ಬರಬೇಕು ಎನ್ನುವ ರೂಢಿ ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ.

ಚಿಲಕ ಸರಿಯಿತು. ಒಬ್ಬಳ ಮುಖದ ತುಂಬ ಹಿಟ್ಟು... ಇನ್ನೊಬ್ಬರ ಕಣ್ಣು ಅತ್ತು ಅತ್ತು ಊದಿತ್ತು.

"ಸುಳ್ಳ ಬರೀತಿದ್ದೆ ರೀ ಮೇಡಂ," ಅಂದಳು ಕಸ್ತೂರಿ. "ದಿನಾ ಅಂಜ್ತೇನಿ. ಹಂಗಂತ ಬರದ್ರ, ನಮ್ಮ ಮನಿಯವರು ಅಲ್ಲೆ ಓದಿ ಎದಿಗುಂದ್ತಾರ ಅಂತ..."

"ಮೇಜರ್ ಹೆಂಡತಿ ಅಳಬಾರದು ಅಂತಾರೆ ಕಸ್ತೂರಿ... ನಾನು ಯಾರ ಹತ್ರ ಹೇಳ್ಕೊಳ್ಳಲಿ?" ಮೇಡಂ ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟರು.

ಒಬ್ಬರು ಸಾಹೇಬರ ಹೆಂಡತಿ, ಇನ್ನೊಬ್ಬಳು ಹವಾಲ್ದಾರನ ಹೆಂಡತಿ... ಆ ಹೊತ್ತಿಗೆ ಇಬ್ಬರಿಗೂ ಅದು ನೆನಪಿರಲಿಲ್ಲ. ಕಸ್ತೂರಿ ಬಿಸಿ ರೊಟ್ಟಿ ಮುರಿದು ಅವರ ಬಾಯಿಗಿಟ್ಟಳು. ಎಷ್ಟೋ ದಿನಗಳ ಮೇಲೆ ತಾನೂ ಒಂದು ತುತ್ತು ತಿಂದಳು.

ಅಂದೇ ಬ್ಲಾಗಿನಲ್ಲಿ ಮೊದಲ ಸಲ ನಿಜ ಬರೆದಳು... "ನನಗೆ ಭಯ. ಫೋನ್ ಬಂದರೂ ಭಯ, ಬಾರದಿದ್ದರೂ ಭಯ."

ಅದನ್ನು ಓದಿ ಎದುರು ಮನೆಯವಳು ಬಂದಳು. ಮೇಲಿನ ಮನೆಯವಳೂ ಬಂದಳು... ಇಬ್ಬರೂ ಫೋನ್ ಮಾಡಿಯೇ ಬಂದರು ಅನ್ನಿ.

ಮತ್ತೆ ಕೆಲವು ದಿನ ಎಲ್ಲರೂ ಸೇರಿ ಹೆದರಿಕೊಂಡೇ ಕಳೆದರು. ಕೊನೆಗೂ ಫೋನ್ ಬಂತು... ಹಿಮ ಬಿದ್ದು ಲೈನ್ ಹೋಗಿತ್ತಂತೆ. ಎಲ್ಲರೂ ಕ್ಷೇಮ.

"ಗುಡ್ಡದಿಂದ ಕೆಳಗ ಇಳದು ಬಂದ ಕೂಡಲೇ ನಿನ್ನ ಬ್ಲಾಗ್ ಓದಿದೆ," ಅಂದ ಶಿವಪುತ್ರ.

"ಸಿಟ್ಟ ಬಂತೇನ್ರಿ?"

"ಇಲ್ಲ... ನೀ ಅಂಜೂದಿಲ್ಲ ಅಂತ ಬರೀತಿದ್ದಿ. ಅದಕ್ಕ ನನ್ನ ಅಂಜಿಕಿ ಇಷ್ಟ ವರ್ಷ ನಾನೊಬ್ನ ನುಂಗಿಕೊಂಡೆ. ಇವತ್ತ ಹೇಳ್ಲೇನು?"

ಕಸ್ತೂರಿ ಬಾಗಿಲಿಗೆ ಒರಗಿ ಕೂತಳು...

"ಹೇಳ್ರಿ," ಅಂದಳು.

*

ನಮ್ಮ ಭಯವನ್ನು ನಾವು ಬಾಯಿಬಿಟ್ಟು ಹೇಳಿದಾಗಲೇ, ನಮ್ಮವರಿಗೂ ತಮ್ಮ ಭಯ ಹೇಳಿಕೊಳ್ಳುವ ಧೈರ್ಯ ಬರುತ್ತದೆ.

ನಿಮ್ಮ ಮನೆಯಲ್ಲೂ "ನನಗೇನೂ ಆಗಿಲ್ಲ" ಅಂತ ನಗುತ್ತಾ ಓಡಾಡುವವರು ಒಬ್ಬರಿದ್ದಾರಲ್ಲ... ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು 'ನಿನಗೇನು ಭಯ' ಅಂತ ನೀವು ಕೇಳಿದ್ದು ಯಾವಾಗ?