ಹೋಟೆಲಿನ ಸೊತ್ತು

"ಬರೆದದ್ದೆಲ್ಲ ಹೋಟೆಲಿನ ಸೊತ್ತು, ಲಿಗೋರಿ. ಒಂದು ಹಾಳೆಯೂ ಹೊರಗೆ ಹೋಗಕೂಡದು," ಎಂದ ಮ್ಯಾನೇಜರ್. "ನಾಳೆಯಿಂದ ಜಾಝ್ ಬ್ಯಾಂಡನ್ನು ನನ್ನ ಅಳಿಯ ನಡೆಸ್ತಾನೆ."

ಲಿಗೋರಿಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷ ಪಿಯಾನೊ ಬಾರಿಸುತ್ತ ಬ್ಯಾಂಡನ್ನು ನಡೆಸಿದವನು ಅವನು. ಹದಿನಾಲ್ಕು ಜನ ವಾದ್ಯಗಾರರಿಗೆ ಒಂದೊಂದು ಸ್ವರವನ್ನೂ ಅವನೇ ಕೂತು ಬರೆದುಕೊಟ್ಟಿದ್ದ.

"ನಿಮ್ಮ ಅಳಿಯ ಪಿಯಾನೊ ಬಾರಿಸ್ತಾರಾ?"

"ಹಾಳೆ ಎದುರಿಗಿದ್ದರೆ ಯಾರು ಬೇಕಾದರೂ ಬಾರಿಸ್ತಾರೆ ಮಾರಾಯಾ!"

ಲಿಗೋರಿ ಸ್ವರದ ಹಾಳೆಗಳಿದ್ದ ಕಪಾಟಿನ ಬೀಗದಕೈಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದ.

ಮರುದಿನ ಸಂಜೆ ಹಾಲ್ ತುಂಬಿತ್ತು. ಹದಿನಾಲ್ಕು ಜನರೂ ತಮ್ಮ ತಮ್ಮ ಹಾಳೆ ಬಿಡಿಸಿಟ್ಟು, ಪಿಯಾನೊ ಶುರುವಾಗಲೆಂದು ಕಾಯುತ್ತಿದ್ದರು. ಅಳಿಯ ಇನ್ನೂ ಕಪಾಟು ತಡಕಾಡುತ್ತಿದ್ದ.

ಹದಿನೆಂಟು ವರ್ಷಗಳಲ್ಲಿ ಲಿಗೋರಿ ತಾನು ಬಾರಿಸುವುದನ್ನು ಮಾತ್ರ ಒಮ್ಮೆಯೂ ಬರೆದಿಟ್ಟಿರಲಿಲ್ಲ.