ಪ್ಲಾಸ್ಟಿಕ್ ಹಾಕಿಸಿದ ಡಿಪ್ಲೊಮಾ

ನಿಮ್ಮ ತಾಯಿ ಈಗ ಪಕ್ಕದಲ್ಲಿದ್ದರೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸಿಕೊಳ್ಳಿ... ಆಮೇಲೆ ಇದನ್ನು ಓದಿ.

ಮದ್ದೂರಿನ ಹತ್ತಿರದ ಒಂದು ಶಾಲೆಯಲ್ಲಿ ಚಿಕ್ಕತಾಯಮ್ಮ ಬಿಸಿಯೂಟದ ಅಡುಗೆಯವರು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಇರುವುದು ಒಬ್ಬಳೇ ಮಗಳು, ಸುಕನ್ಯಾ.

ಹುಡುಗಿ ಹತ್ತನೇ ಕ್ಲಾಸ್ ಮುಗಿಸಿ ಡಿಪ್ಲೊಮಾ ಮಾಡಿದಳು. ಡಿಪ್ಲೊಮಾ ಆದವರು ಎಂಟ್ರೆನ್ಸ್ ಬರೆದು ಒಳ್ಳೆ ರ‍್ಯಾಂಕ್ ತೆಗೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದಲ್ಲ... ಸುಕನ್ಯಾ ಅದನ್ನೂ ಬರೆದಳು. ರ‍್ಯಾಂಕೂ ಬಂತು.

ಉಳಿದಿದ್ದು ಒಂದೇ ಕೆಲಸ. ಮೈಸೂರಿಗೆ ಹೋಗಿ ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ ಬರಬೇಕು. ಅವಳು ಹೊರಟ ಮಾರನೇ ದಿನ ಮಧ್ಯಾಹ್ನಕ್ಕೆ ಕೊನೆ.

ಹೊರಡುವ ದಿನ ಬೆಳಿಗ್ಗೆ ಚಿಕ್ಕತಾಯಮ್ಮ ಫೈಲ್ ತಂದು ಮಗಳ ಕೈಗಿಟ್ಟರು. ಒಳಗೆ ಡಿಪ್ಲೊಮಾ ಸರ್ಟಿಫಿಕೇಟ್ ಫಳಫಳ ಹೊಳೆಯುತ್ತಿತ್ತು. ರೇಷನ್ ಕಾರ್ಡಿಗೆ, ಆಧಾರ್ ಕಾರ್ಡಿಗೆ ಹಾಕಿಸುತ್ತೇವಲ್ಲ, ಹಾಗೇ ಎರಡೂ ಕಡೆ ದಪ್ಪ ಪ್ಲಾಸ್ಟಿಕ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು.

"ಇನ್ನು ಮಳೇಲಿ ನೆಂದ್ರೂ ಏನೂ ಆಗಕ್ಕಿಲ್ಲ ಕಣ್ ಮಗ" ಅಂದರು.

ಸುಕನ್ಯಾಗೂ ಖುಷಿಯೇ ಆಯಿತು. ಅವಳಿಗಾದರೂ ಏನು ಗೊತ್ತಿತ್ತು, ಪಾಪ...

ಮೈಸೂರಿನ ಕೌಂಟರ್‌ನಲ್ಲಿದ್ದ ವಯಸ್ಸಾದ ಗುಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಪ್ಲಾಸ್ಟಿಕ್ ಮೇಲಿಂದ ಸೀಲು ಅಸಲಿಯೋ ನಕಲಿಯೋ ಗೊತ್ತಾಗುವುದಿಲ್ಲ, ಹೀಗೇ ತೆಗೆದುಕೊಳ್ಳುವುದಕ್ಕೆ ಬರುವುದಿಲ್ಲ ಅಂದರು. ಹುಡುಗಿಯ ಮುಖ ಬಾಡಿದ್ದು ನೋಡಿ ಅವರಿಗೇ ಅಯ್ಯೋ ಅನ್ನಿಸಿತು.

"ಹೆದರಬೇಡಮ್ಮ. ನಿಮ್ಮ ಪ್ರಿನ್ಸಿಪಾಲರ ಹತ್ರ ಇದು ಅಸಲಿ ಅಂತ ಒಂದು ಲೆಟರ್ ಬರೆಸ್ಕೊಂಡು ನಾಳೆ ಬಾ, ಮಾಡಿಕೊಡ್ತೀನಿ. ಆದ್ರೆ ಪ್ಲಾಸ್ಟಿಕ್ ಕೀಳೋಕೆ ಮಾತ್ರ ಹೋಗ್ಬೇಡ."

ಎಷ್ಟು ಸುಲಭದ ದಾರಿ ನೋಡಿ... ಬಸ್ ಹತ್ತಿ ವಾಪಸ್ ಹೋಗಿದ್ದರೆ ಮುಗಿಯುತ್ತಿತ್ತು.

ಆದರೆ ಸುಕನ್ಯಾಗೆ ಸಿಟ್ಟು ನೆತ್ತಿಗೇರಿತ್ತು. ಅವ್ವನ ಮೇಲೆ ಸಿಟ್ಟು, ಮತ್ತೆ ಅಷ್ಟು ದೂರ ಓಡಾಡಬೇಕಲ್ಲ ಅನ್ನುವ ಸಿಟ್ಟು. ಹೊರಗಡೆ ಜೆರಾಕ್ಸ್ ಅಂಗಡಿಯಲ್ಲಿ ಒಂದು ಬ್ಲೇಡ್ ಈಸಿಕೊಂಡಳು. ಮೂಲೆಯಲ್ಲಿ ನಾಜೂಕಾಗಿ ಸೀಳಿ, ಪ್ಲಾಸ್ಟಿಕ್ ಹಿಡಿದು ಎಳೆದಳು.

ಪ್ಲಾಸ್ಟಿಕ್ ಜೊತೆಗೇ ಕಾಗದವೂ ಬಂತು. ಸೀಲು ಅರ್ಧ ಅದರಲ್ಲಿ, ಅರ್ಧ ಇದರಲ್ಲಿ. ಅವಳ ಹೆಸರಂತೂ ಕಿತ್ತೇ ಹೋಯಿತು.

ಇನ್ನು ಪ್ರಿನ್ಸಿಪಾಲರ ಪತ್ರ ತಂದು ಏನು ಮಾಡುವುದು? ಡೂಪ್ಲಿಕೇಟ್ ಬರುವುದಕ್ಕೆ ಎರಡು ತಿಂಗಳು ಬೇಕಿತ್ತು. ಆ ವರ್ಷದ ಸೀಟು ಕೈ ತಪ್ಪಿತು.

ಮನೆಗೆ ಬಂದವಳು ಆ ಚೂರುಗಳನ್ನು ಅವ್ವನ ಮುಂದೆ ಎಸೆದಳು.

"ನೀನು ಮುಟ್ಟಿದ್ದಕ್ಕೇ ಹಾಳಾಗಿದ್ದು ಕಣವ್ವ. ಇನ್ಮೇಲೆ ನಂದು ಯಾವುದನ್ನೂ ಮುಟ್ಟಬೇಡ."

ಗುಮಾಸ್ತರು ಹೇಳಿದ್ದನ್ನು ಹೇಳಲಿಲ್ಲ. ಬ್ಲೇಡಿನ ಮಾತನ್ನೂ ಎತ್ತಲಿಲ್ಲ. ಚಿಕ್ಕತಾಯಮ್ಮ ಕೇಳಲೂ ಇಲ್ಲ... ಚೂರುಗಳನ್ನು ಆಯ್ದುಕೊಳ್ಳಲು ಬಗ್ಗಿದವರು, ಏನೋ ನೆನಪಾದ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡರು.

ಮಾರನೇ ವರ್ಷ ಸುಕನ್ಯಾ ಮತ್ತೆ ಎಂಟ್ರೆನ್ಸ್ ಬರೆದಳು, ಸೀಟು ಸಿಕ್ಕಿತು, ಕಾಲೇಜಿಗೆ ಸೇರಿದಳು. ಬೈದಿದ್ದು ಅವಳಿಗೆ ಮರೆತೇ ಹೋಗಿತ್ತು.

ಅವ್ವ ಮಾತ್ರ ಅವಳ ಪುಸ್ತಕದ ಸುತ್ತ ಕಸ ಗುಡಿಸುತ್ತಿದ್ದರು, ಪುಸ್ತಕ ಎತ್ತುತ್ತಿರಲಿಲ್ಲ. ಪೋಸ್ಟ್ ಬಂದರೆ ಪೋಸ್ಟ್‌ಮ್ಯಾನ್‌ಗೇ ಶೆಲ್ಫ್ ಮೇಲೆ ಇಡಲು ಹೇಳುತ್ತಿದ್ದರು. ಒಂದು ಪರೀಕ್ಷೆಯ ದಿನ ಮಗಳು ಹಾಲ್ ಟಿಕೆಟ್ ಮರೆತು ಹೋದಾಗ, ಪಕ್ಕದ ಮನೆಯವಳ ಕೈಲಿ ಅದನ್ನು ಹಿಡಿಸಿಕೊಂಡು, ತಾವು ಅವಳ ಜೊತೆ ಬರಿಗೈಲಿ ಬಸ್ ಸ್ಟ್ಯಾಂಡಿನವರೆಗೂ ಓಡಿ ಬಂದಿದ್ದರು.

ಅವ್ವಂಗೆ ವಯಸ್ಸಾಯ್ತು, ಏನೇನೋ ಮಾಡುತ್ತಾಳೆ ಅಂದುಕೊಂಡು ಸುಕನ್ಯಾ ನಕ್ಕಿದ್ದಳು.

ಮೂರು ವರ್ಷ ಮುಗಿಯಿತು. ಇಂಜಿನಿಯರಿಂಗ್ ಪದವಿ ಬಂತು... ಫಸ್ಟ್ ಕ್ಲಾಸ್!

ಸುಕನ್ಯಾ ಸೀದಾ ಶಾಲೆಯ ಅಡುಗೆ ಮನೆಗೇ ಓಡಿದಳು. ಪದವಿ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ತಗೋ ಅವ್ವ, ಇದು ನಿಂದೇ ಅಂದಳು.

ಚಿಕ್ಕತಾಯಮ್ಮನ ಕಣ್ಣು ತುಂಬಿತು. ಸೆರಗಿಗೆ ಕೈ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬ್ಯಾಡ ಕಣ್ ಮಗ... ನಾನು ಮುಟ್ಟುದ್ರೆ ಹಾಳಾಯ್ತದೆ. ನೀನೇ ಹಿಡ್ಕೊ, ಇಲ್ಲಿಂದ್ಲೇ ನೋಡ್ತೀನಿ."

ಸುಕನ್ಯಾಗೆ ತಾನು ಅವತ್ತು ಆಡಿದ ಮಾತು ಈಗ ನೆನಪಾಯಿತು. ಅಲ್ಲೇ ಕುಸಿದು ಕೂತು, ಅವ್ವನ ಕಾಲು ಹಿಡಿದು ಅತ್ತಳು. ಗುಮಾಸ್ತರು ಹೇಳಿದ್ದು, ಬ್ಲೇಡ್ ತೆಗೆದುಕೊಂಡಿದ್ದು, ಎಳೆದಿದ್ದು... ನಾಲ್ಕು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿಬಿಟ್ಟಳು.

"ಹರಿದಿದ್ದು ನಾನು ಕಣವ್ವ. ನಿನ್ನಿಂದ ಏನೂ ಹಾಳಾಗಿರ್ಲಿಲ್ಲ."

ಚಿಕ್ಕತಾಯಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. ಯಾಕೆ ಹೇಳಲಿಲ್ಲ ಅಂತಲೂ ಕೇಳಲಿಲ್ಲ.

"ಹಂಗಾರೆ... ನನ್ನಿಂದ ಆಗಿದ್ದಲ್ವಾ ಮಗ?" ಅಂದರು.

ಅಲ್ಲ ಅಂದಳು ಮಗಳು.

"ದಿಟ್ವಾಗ್ಲೂ?"

ದಿಟವಾಗಲೂ ಅಂದಳು. ಚಿಕ್ಕತಾಯಮ್ಮ ನಿಟ್ಟುಸಿರು ಬಿಟ್ಟು ನಕ್ಕರು. ಮಗಳನ್ನು ಎಬ್ಬಿಸಿ ಕಣ್ಣೀರು ಒರೆಸಿದರು, ತಲೆ ಸವರಿದರು.

ಸುಕನ್ಯಾ ಪದವಿ ಪತ್ರವನ್ನು ಮತ್ತೆ ಮುಂದೆ ಹಿಡಿದಳು.

ಆ ಕೈಗಳು ಅರ್ಧ ದಾರಿಯವರೆಗೆ ಬಂದವು... ಮತ್ತೆ ತಾವಾಗಿಯೇ ಹಿಂದಕ್ಕೆ ಹೋದವು.

•

ಸಿಟ್ಟಿನಲ್ಲಿ ಹೆತ್ತವರ ಮೇಲೆ ಹೊರಿಸಿದ ತಪ್ಪನ್ನು ನಾವು ಮರೆತುಬಿಡುತ್ತೇವೆ... ಅವರು ಅದನ್ನು ಹೊತ್ತುಕೊಂಡೇ ಬದುಕುತ್ತಾರೆ.

ನಿಮ್ಮ ತಪ್ಪನ್ನು ತಮ್ಮದೇ ಅಂದುಕೊಂಡು ಬದುಕುತ್ತಿರುವವರು ನಿಮ್ಮ ಮನೆಯಲ್ಲೂ ಯಾರಾದರೂ ಇದ್ದಾರಾ?