ಬ್ರೇಕಿನ ಎಣ್ಣೆ

ಪಿಕಪ್ಪಿನಿಂದ ಇಳಿಸಿದ ಸೈಕಲ್ಲನ್ನು ಅಂಗಡಿಯ ಮೆಟ್ಟಿಲಿಗೆ ಒರಗಿಸಿ, ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎದೆಗೆ ಅವಚಿಕೊಂಡು, ಯಶ್ಮಿತಾ ಎಡಗೈಯಿಂದ ಬ್ರೇಕಿನ ಹಿಡಿಕೆ ಒತ್ತಿದಳು. ಅದು ಯಾವ ತಡೆಯೂ ಇಲ್ಲದೆ ಹೋಗಿ ಹ್ಯಾಂಡಲ್ಲಿಗೆ ತಾಗಿತು.

“ನೋಡಿ. ನೀವು ಸರ್ವಿಸ್ ಮಾಡಿ ಕೊಟ್ಟು ಹದಿನೈದು ದಿನ ಆಗ್ಲಿಲ್ಲ.”

ಅಂಗಡಿಯ ಯಜಮಾನ ಶೈಲೇಶ್ ಮೊಬೈಲಿನಿಂದ ತಲೆ ಎತ್ತಿದ. “ಬಿದ್ದದ್ದು ಎಲ್ಲಿ?”

“ಅರಂತೋಡಿನ ಇಳಿಜಾರಲ್ಲಿ. ತಿರುವಲ್ಲಿ ಎದುರು ಬಸ್ ಬಂತು. ಬ್ರೇಕ್ ಒತ್ತಿದ್ರೆ ಎಂತದೂ ಇಲ್ಲ. ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿ ನಿಲ್ಲಿಸಿದ್ದು.”

“ಅದು ಹಾಗೆಯೇ ಮಾರಾಯ್ರೆ. ಹೆದರಿ ಇಳಿಜಾರು ಪೂರ್ತಿ ಬ್ರೇಕ್ ಹಿಡ್ಕೊಂಡೇ ಬಂದ್ರೆ ಬಿಸಿಯಾಗಿ ಹಿಡಿಯುದಿಲ್ಲ. ಹೆಂಗಸರಿಗೆ ಇಂಥ ಸೈಕಲ್ ಎಂತಕ್ಕೆ? ಪೇಟೆಯಲ್ಲಿ ಬಿಡ್ಲಿಕ್ಕೆ ಚಂದದ್ದು ಬೇರೆ ಉಂಟಲ್ಲ.”

ಯಶ್ಮಿತಾಳ ಕಿವಿ ಬಿಸಿಯಾಯಿತು. ಆರು ವರ್ಷಗಳಿಂದ ಅವಳು ಭಾನುವಾರವೆಂದರೆ ಗುಡ್ಡ ಹತ್ತಿ ಇಳಿದವಳು. ಮುಂದಿನ ವಾರ ರಾಜ್ಯಮಟ್ಟದ ಸ್ಪರ್ಧೆಯಿತ್ತು. ಸುಳ್ಯದ ಆಸ್ಪತ್ರೆಯೊಂದರಲ್ಲಿ ದಿನವಿಡೀ ಬೇರೆಯವರ ಎಲುಬಿನ ಎಕ್ಸ್‌ರೇ ತೆಗೆಯುವವಳು, ಮೊನ್ನೆ ಅದೇ ಯಂತ್ರದಡಿ ತನ್ನ ಕೈ ಇಟ್ಟು, ಡಾಕ್ಟರ್ ಬಾಯಿ ತೆರೆಯುವ ಮೊದಲೇ ಮಣಿಕಟ್ಟಿನ ಬಿರುಕನ್ನು ತಾನೇ ನೋಡಿದ್ದಳು.

“ಬ್ರೇಕಿಗೆ ಯಾವ ಎಣ್ಣೆ ಹಾಕಿದ್ರಿ?” ಎಂದು ಕೇಳಿದಳು.

ಆ ಬ್ರೇಕಿನಲ್ಲಿ ತಂತಿಯಿಲ್ಲ. ಹಿಡಿಕೆ ಒತ್ತಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಕೊಳವೆಯೊಳಗಿನ ಎಣ್ಣೆ. ಅದರಲ್ಲಿ ಸೇರಿದ ಗಾಳಿಯನ್ನು ಹೊರಹಾಕಿ ಹೊಸ ಎಣ್ಣೆ ತುಂಬಿಸಲೆಂದೇ ಅವಳು ಸೈಕಲ್ ಕೊಟ್ಟಿದ್ದು.

“ಮಿನರಲ್ ಆಯಿಲ್. ಕಂಪನಿ ಹೇಳಿದ್ದನ್ನೇ ಹಾಕುದು ನಾವು,” ಎಂದ ಶೈಲೇಶ್.

ಯಶ್ಮಿತಾ ಪಕ್ಕದ ಹೋಟೆಲಿನಿಂದ ಎರಡು ಗಾಜಿನ ಲೋಟಗಳಲ್ಲಿ ನೀರು ತಂದು ಕೌಂಟರಿನ ಮೇಲಿಟ್ಟಳು. ಚೀಲದಿಂದ ಪುಟ್ಟ ಬಾಟ್ಲಿ ತೆಗೆದು ಹಲ್ಲಿನಿಂದ ಮುಚ್ಚಳ ತಿರುಗಿಸಿ, ಒಂದು ಲೋಟಕ್ಕೆ ನಾಲ್ಕು ಹನಿ ಬಿಟ್ಟಳು. ಕೆಂಪು ಎಣ್ಣೆ ನೀರಿನ ಮೇಲೆ ದುಂಡಗೆ ತೇಲಿತು.

“ಇದು ಮಿನರಲ್ ಆಯಿಲ್. ಇನ್ನು ನನ್ನ ಬ್ರೇಕಿನದ್ದು ತೆಗೀರಿ.”

ಮೂಲೆಯಲ್ಲಿ ಚೈನ್ ಉಜ್ಜುತ್ತಿದ್ದ ಮೆಕ್ಯಾನಿಕ್ ಯೂಸುಫ್ ಯಜಮಾನನ ಮುಖ ನೋಡಿದರು. ಅರುವತ್ತು ದಾಟಿದ ಮನುಷ್ಯ. “ತೆಗೆದು ತೋರ್ಸಿ, ಅದಕ್ಕೆಂತ ಹೆದರುದು?” ಎಂದ ಶೈಲೇಶ್. ಯೂಸುಫ್ ನಿಧಾನವಾಗಿ ಎದ್ದು ಬಂದು, ಚಕ್ರದ ಬಳಿಯ ಸಣ್ಣ ತಿರುಪಿಗೆ ಕೊಳವೆ ಸಿಕ್ಕಿಸಿ ಸಡಿಲಿಸಿದರು. ಯಶ್ಮಿತಾ ಹಿಡಿಕೆ ಒತ್ತಿದಳು. ಎರಡನೇ ಲೋಟಕ್ಕೆ ಹಳದಿ ದ್ರವ ತೊಟ್ಟಿಕ್ಕಿತು. ಅದು ತೇಲಲಿಲ್ಲ. ಅವಳು ಚಕ್ರದ ಹಳೆಯ ಕಡ್ಡಿಯೊಂದರಿಂದ ಕಲಕಿದಳು. ಸಕ್ಕರೆ ಕರಗಿದ ಹಾಗೆ ಕರಗಿಹೋಯಿತು.

“ಇದು ಮೋಟಾರ್ ಬೈಕಿನ ಬ್ರೇಕಿಗೆ ಹಾಕುವ ಎಣ್ಣೆ. ಇದನ್ನು ಹಾಕಿದ್ರೆ ಈ ಬ್ರೇಕಿನ ಒಳಗಿನ ರಬ್ಬರ್ ಊದಿ ಹಾಳಾಗ್ತದೆ. ನಾನು ಹೆದರಿ ಬಿದ್ದದ್ದಲ್ಲ.”

ಶೈಲೇಶ್ ಲೋಟವನ್ನು ನೋಡಿದ. ಆಮೇಲೆ ಯೂಸುಫರತ್ತ ತಿರುಗಿ, “ಎಂತ ಹಾಕಿದ್ದು ನೀವು? ಪ್ರಾಯ ಆದವರನ್ನು ಇಟ್ಕೊಂಡ್ರೆ ಇದೇ ಹಣೆಬರಹ,” ಎಂದು ಗದರಿದ.

ಯೂಸುಫ್ ಎಣ್ಣೆಗೈಯನ್ನು ಬಟ್ಟೆಗೆ ಒರಸಿಕೊಂಡರು. “ಸರಿಯಾದ್ದು ಮುಗಿದಿದೆ, ಬರುವವರೆಗೆ ಬೇಡ ಅಂದೆ ನಾನು. ಆ ಬಾಟ್ಲಿ ನನ್ನ ಕೈಗೆ ಕೊಟ್ಟದ್ದು ನೀವು.” ಆಮೇಲೆ ಯಶ್ಮಿತಾಳಿಗೆ ಹೇಳಿದರು: “ಆದ್ರೆ ಹಾಕಿದ್ದು ನಾನೇ.”

“ಗೊತ್ತಿದ್ದೂ ಹಾಕಿದ್ರಾ?”

ಯೂಸುಫರಿಗೆ ಅವಳ ಪ್ಲಾಸ್ಟರಿನಿಂದ ಕಣ್ಣು ಮೇಲೆತ್ತಲಾಗಲಿಲ್ಲ.

“ಆಯ್ತು, ಆಯ್ತು,” ಶೈಲೇಶನ ದನಿ ಮೆತ್ತಗಾಯಿತು. “ಹೊಸ ಬ್ರೇಕೇ ಹಾಕಿ ಕೊಡ್ತೇನೆ. ಸೈಕಲಿನವರ ವಾಟ್ಸಾಪ್ ಗ್ರೂಪಿಗೆ ಮಾತ್ರ ಇದನ್ನು ಹಾಕ್ಬೇಡಿ.”

“ನನಗೆ ನಿಮ್ಮ ಬ್ರೇಕ್ ಬೇಡ. ಆ ಬಾಟ್ಲಿಯಿಂದ ಇನ್ನು ಯಾರ ಸೈಕಲಿಗೆ ಹಾಕಿದ್ದೀರಿ, ಅದು ಹೇಳಿ.”

ಶೈಲೇಶ್ ಉತ್ತರ ಕೊಡುವ ಮೊದಲೇ ಹೊರಗೆ ಜೀಪು ನಿಂತಿತು. ಕಡಬದಿಂದ ಬಂದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು ಕೇಳಿದರು. “ನೀಲಿ ಸೈಕಲ್ ಆಯ್ತಾ? ಮಗಳು ನಾಳೆ ಬೆಳಿಗ್ಗೆ ಕಾಲೇಜಿನವರೊಟ್ಟಿಗೆ ಬಿಸಿಲೆ ಘಾಟಿಗೆ ಹೋಗುದು.”

“ನಿನ್ನೆಯೇ ರೆಡಿ ಉಂಟಕ್ಕ!” ಶೈಲೇಶ್ ಮುಖದ ತುಂಬ ನಗೆ ತಂದುಕೊಂಡು, ಸಾಲಿನಿಂದ ನೀಲಿ ಸೈಕಲ್ಲನ್ನು ಎಳೆದ. “ಬ್ರೇಕ್ ಎಲ್ಲ ಹೊಸದರ ಹಾಗೆ ಮಾಡಿದ್ದೇವೆ.”

ಯಶ್ಮಿತಾ ಯೂಸುಫರನ್ನು ನೋಡಿದಳು. ಅವರ ಮುಖದಲ್ಲಿ ಉತ್ತರವಿತ್ತು. ಅವಳು ಅಡ್ಡ ನಿಂತು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದಳು. “ಕೊಂಡುಹೋಗ್ಬೇಡಿ ಅಕ್ಕ. ಇದಕ್ಕೆ ಹಾಕಿದ್ದು ತಪ್ಪು ಎಣ್ಣೆ.”

“ಇವರಿಗೆ ಬಿದ್ದು ತಲೆಗೂ ಪೆಟ್ಟಾಗಿದೆ. ನೀವು ಬನ್ನಿ ಅಕ್ಕ,” ಎನ್ನುತ್ತ ಶೈಲೇಶ್ ಸೈಕಲ್ಲನ್ನು ಜಗ್ಗಿದ. ಯಶ್ಮಿತಾ ಬಿಡಲಿಲ್ಲ. ಆ ಹೆಂಗಸು ಯಾರನ್ನು ನಂಬುವುದೆಂದು ತಿಳಿಯದೆ ಒಬ್ಬರಿಂದ ಒಬ್ಬರಿಗೆ ಕಣ್ಣು ಹಾಯಿಸಿದರು.

ಯೂಸುಫ್ ಬಂದು ಅವರಿಬ್ಬರ ನಡುವೆ ಮೊಣಕಾಲೂರಿ ಕುಳಿತರು. ಮುಂದಿನ ಚಕ್ರದ ಅಚ್ಚನ್ನು ಬಿಚ್ಚಿ ಎಳೆದರು. ಚಕ್ರ ಕಳಚಿ ಕೈಗೆ ಬಂತು. ಸೈಕಲ್ ಮುಗ್ಗರಿಸಿ ಸಿಮೆಂಟು ನೆಲಕ್ಕೆ ಮೂಗು ಊರಿತು.

“ಎಂತ ಮಾಡುದು ನೀವು?” ಶೈಲೇಶ್ ಕಿರುಚಿದ.

“ಬಾಯಲ್ಲಿ ಹೇಳಿ ನೋಡಿ ಆಯ್ತಲ್ಲ,” ಎನ್ನುತ್ತ ಯೂಸುಫ್ ಚಕ್ರವನ್ನು ಕಂಕುಳಲ್ಲಿ ಇರುಕಿಕೊಂಡು, ಸಾಲಿನಲ್ಲಿ ಅದೇ ಎಣ್ಣೆ ಹಾಕಿದ್ದ ಮುಂದಿನ ಸೈಕಲ್ಲಿನ ಬಳಿ ಮೊಣಕಾಲೂರಿದರು.